ಅಪ್‌ಡೇಟ್: ಅಪ್ಪನಿಗೆ ಬಂದಿದ್ದ ಪಿಎಂ-ಕಿಸಾನ್ ಹಣ ವಾಪಸಿನ ನೋಟಿಸ್

ಆದಾಯ ತೆರಿಗೆದಾರರೆಂದು ಹೇಳಿ ಅಪ್ಪನಿಂದ ಪಿಎಂ-ಕಿಸಾನ್ ಕಂತುಗಳನ್ನೆಲ್ಲ ವಾಪಸು ಕೇಳಿದ್ದಾರೆ, ಕಟ್ಟಲೇಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ಸದ್ಯಕ್ಕೆ ವಸೂಲಿ ನಿಂತಿದೆ.

ನಿಮ್ಮಲ್ಲೊಬ್ಬರು ತಿಳಿಸಿದ ನಿಯಮವೇ ಕೈಹಿಡಿಯಿತು. ಯೋಜನೆ ಹೊರಗಿಡುವುದು ಹಿಂದಿನ ಕರ ನಿರ್ಧಾರಣಾ ವರ್ಷದಲ್ಲಿ (ಅಸೆಸ್‌ಮೆಂಟ್ ಇಯರ್, ಅಂದರೆ ಆದಾಯ ಗಳಿಸಿದ ವರ್ಷದ ಮರುವರ್ಷ) ತೆರಿಗೆ ಕಟ್ಟಿದವರನ್ನು, ಬರೀ ರಿಟರ್ನ್ ಸಲ್ಲಿಸಿದವರನ್ನಲ್ಲ. ಅಪ್ಪ ಸಾಲಕ್ಕಾಗಿ ಸಲ್ಲಿಸಿದ್ದು ಶೂನ್ಯ ತೆರಿಗೆಯ ರಿಟರ್ನ್. ಅದರ ಪ್ರತಿ, ಪಹಣಿ, ಪಾಸ್‌ಬುಕ್ ಲಗತ್ತಿಸಿ ತಾಲ್ಲೂಕಿನ ಕೃಷಿ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಟ್ಟೆವು. ಸ್ವೀಕೃತಿ ಮುದ್ರೆ ಹಾಕಲು ಹಿಂದೇಟು ಹಾಕಿದರು, ನಾವು ಬಿಡಲಿಲ್ಲ. ನೀವೂ ಬಿಡಬೇಡಿ, ಆ ಮುದ್ರೆಯಿಲ್ಲದಿದ್ದರೆ ಅರ್ಜಿ ಬಂದೇ ಇಲ್ಲ ಎನ್ನುತ್ತಾರೆ.

ನಿಜವಾಗಿ ತೆರಿಗೆ ಕಟ್ಟಿದವರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಇರುವ ನಿವೃತ್ತ ನೌಕರರು (ಗ್ರೂಪ್ ಡಿ ಬಿಟ್ಟು) ಅರ್ಹರಲ್ಲ. ಅಂಥವರಿಗೆ ಯೋಜನೆಯ ಜಾಲತಾಣದಲ್ಲೇ ಮರುಪಾವತಿ ವಿಭಾಗವಿದೆ. ಮಧ್ಯವರ್ತಿಗಳ ಕೈಗೆ ನಗದು ಕೊಡಬೇಡಿ.

ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಬಿತ್ತನೆ ಹೊತ್ತಿಗೆ ಅದು ನಮಗೆ ದೊಡ್ಡ ಮೊತ್ತ. ಒಂದು ಮಾತೂ ವಿಚಾರಿಸದೆ ಅಪ್ಪನನ್ನು ಅನರ್ಹರೆಂದು ಬರೆದದ್ದು ನನಗೆ ಇನ್ನೂ ನೋವು ತರುತ್ತದೆ. ತಡೆಹಿಡಿದ ಕಂತು ಬಂದಿಲ್ಲ. ಕಡತ ಜಿಲ್ಲಾ ಕಚೇರಿಗೆ ಹೋಗಿದೆಯಂತೆ. ಬಂದರೆ ತಿಳಿಸುತ್ತೇನೆ.