ಕಡಿದ ಗುಡ್ಡದ ಮಣ್ಣು ಕುಸೀತಿದೆ, ಹಿಂದಿನವರು ಏನು ಮಾಡ್ತಿದ್ರು?

ಕೇಳಿದವರು, ಹೊಳಲ್ಕೆರೆ: ನಾವು ಕೊಂಡ ಜಮೀನಿನಲ್ಲಿ ಹಿಂದಿನ ಮಾಲೀಕರು ಶೆಡ್ಡಿಗೆ ಅಂತ ಗುಡ್ಡದ ಬುಡ ಕಡಿಸಿದ್ದಾರೆ. ಎರಡಾಳೆತ್ತರದ ಮಣ್ಣು ನೆಟ್ಟಗೆ ನಿಂತಿದೆ. ಜೋರು ಮಳೆ ಬಂದರೆ ಹೆಂಟೆ ಹೆಂಟೆಯಾಗಿ ಬೀಳುತ್ತೆ. ಮೇಲ್ಗಡೆ ಇಂಗುಗುಂಡಿ ತೆಗೆಸಿ ಅಂತಾರೆ. ಗೊತ್ತಿದ್ದವರು ಹೇಳಿ.

ಹೊಸದುರ್ಗದಿಂದ: ಅಣ್ಣ, ಇಂಗುಗುಂಡಿ ಮಾತ್ರ ಬೇಡ. ಬರದ ಸೀಮೆಯವರು ನಾವು, ಬಿದ್ದ ಹನಿಯೆಲ್ಲ ಇಂಗಿಸಬೇಕು ಅಂತ ಕಲಿತವರು. ಹೊಲಕ್ಕೆ ಅದು ಸರಿ. ಕಡಿದ ಗುಡ್ಡದ ನೆತ್ತಿಯಲ್ಲಿ ನೀರು ನಿಂತರೆ ಮಣ್ಣು ನೆನೆದು ಭಾರವಾಗುತ್ತೆ, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ತಪ್ಪುತ್ತೆ. ನಮ್ಮ ತಾತ ಮೇಲಿನ ಬದುವಿನಾಚೆ ಓರೆಯಾಗಿ ಕಾಲುವೆ ಹೊಡೆದು ಗುಡ್ಡದ ನೀರನ್ನ ಹಳ್ಳಕ್ಕೆ ಬಿಡ್ತಿದ್ರು. ನೀರು ಧುಮುಕೋ ಕಡೆ ಚಪ್ಪಡಿ ಹಾಸ್ತಿದ್ರು. ಮುಂಗಾರಿಗೆ ಮುಂಚೆ ಆ ಕಾಲುವೆಯ ಹೂಳು ತೆಗೆಯದೆ ಬಿತ್ತನೆ ಮಾತೇ ಎತ್ತುತ್ತಿರಲಿಲ್ಲ. ದುರ್ಗದ ಕೋಟೆಯಲ್ಲೂ ನೋಡಿ: ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ. ಅಷ್ಟು ನೀರು ಹಿಡಿದಿಟ್ಟವರೂ ಹೆಚ್ಚಾದದ್ದಕ್ಕೆ ದಾರಿ ಬಿಟ್ಟಿದ್ದಾರೆ.

ಚಿತ್ರದುರ್ಗದಿಂದ, ಕಲ್ಲು ಕೆಲಸ ಮಾಡುವವನು: ಮೇಲಿನವರು ಹೇಳಿದ್ದು ಗೋಡೆಗೂ ಸರಿ. ಸಂದು ಬಿಡದೆ ಸಿಮೆಂಟ್ ಮೆತ್ತಿದರೆ ಹಿಂದಿನ ನೀರು ಹೊರಗೆ ಬರಲ್ಲ, ಗೋಡೆ ಹೊಟ್ಟೆ ಬಿಡುತ್ತೆ. ಗಾರೆ ಇಲ್ಲದ ಒಣಗಲ್ಲಿನ ಗೋಡೆ ಕಟ್ಟಿಸಿ. ಗಟ್ಟಿ ನೆಲ ಸಿಗೋವರೆಗೂ ಪಾಯ ತೋಡಿ, ದಪ್ಪ ಕಲ್ಲು ಕೆಳಗೆ ಕೂರಿಸಿ. ಗೋಡೆ ಗುಡ್ಡದ ಕಡೆಗೆ ಒರಗಿರಬೇಕು. ಅಲ್ಲಲ್ಲಿ ಉದ್ದನೆಯ ಕಲ್ಲು ಒಳಕ್ಕೆ ಹೋಗೋ ಹಾಗೆ ಅಡ್ಡ ಇಡಿ, ಹಿಂದುಗಡೆ ಮಣ್ಣಿನ ಬದಲು ಚೂರುಗಲ್ಲು ತುಂಬಿ. ಎರಡಾಳೆತ್ತರಕ್ಕೆ ಒಂದೇ ಗೋಡೆ ಏರಿಸಬೇಡಿ, ನಡುವೆ ಜಾಗ ಬಿಟ್ಟು ಮೆಟ್ಟಿಲಿನ ಹಾಗೆ ಎರಡು ಮಾಡಿ. ಈ ಎತ್ತರಕ್ಕೆ ಎಂಜಿನಿಯರ್ ಒಬ್ಬರಿಗೆ ತೋರಿಸಲೇಬೇಕು.

ದಾವಣಗೆರೆಯಿಂದ: ನೆತ್ತಿಯ ಮೇಲೆ ಸಾಲಾಗಿ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಬೆಳೆಸಿದ್ದು ಇದನ್ನೇ. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತೆ, ಒಳ್ಳೆ ಮಣ್ಣಿನಲ್ಲಿ 3 ಮೀಟರ್ ಆಳಕ್ಕೂ ಹೋಗುತ್ತೆ. ಮೇಲ್ಮಣ್ಣು ಕೊಚ್ಚಿಹೋಗೋದು ನಿಲ್ಲುತ್ತೆ. ಆದರೆ ಆಳದಿಂದ ಜಾರೋ ಗುಡ್ಡವನ್ನ ಯಾವ ಹುಲ್ಲೂ ಹಿಡಿಯಲ್ಲ.

ಹೊಸದುರ್ಗದಿಂದ ಮತ್ತೆ: ಇದೆಲ್ಲ ಬೇಸಿಗೆ ಕೆಲಸ ಅಣ್ಣ, ಈಗ ಬುಡ ಕೆದಕಬೇಡಿ. ಮೊದಲು ನೆತ್ತಿ ಹತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಮರ ವಾಲಿದ್ದರೆ, ಬುಡದಲ್ಲಿ ಕೆಂಪು ನೀರು ಜಿನುಗುತ್ತಿದ್ದರೆ ಶೆಡ್ಡಿನಲ್ಲಿ ಯಾರನ್ನೂ ಮಲಗಿಸಬೇಡಿ, ದನಗಳನ್ನೂ ಕಟ್ಟಬೇಡಿ. ನೋಡಿ ಇವತ್ತೇ ತಿಳಿಸಿ.