ರದ್ದಿ ಸಾಮಾನಿನಿಂದ ಮಾಡಿದ ಟಾರ್ಚ್ ಮಂಕಾಗಿ ಉರಿಯುತ್ತದೆ, ಅಲುಗಿಸಿದರೆ ಆರುತ್ತದೆ: ದೋಷ ಎಲ್ಲಿದೆ?

ಪ್ರಶ್ನೆ

ಮನೆಯಲ್ಲಿ ಎಸೆಯಲು ತೆಗೆದಿಟ್ಟಿದ್ದ ವಸ್ತುಗಳಿಂದಲೇ ಒಂದು ಟಾರ್ಚ್ ಮಾಡೋಣವೆಂದು ಮಗಳೊಂದಿಗೆ ಕುಳಿತೆ. ಟಿಶ್ಯೂ ಸುರುಳಿ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯಲ್ಲಿ, ಗೋಡೆ ಗಡಿಯಾರಗಳಿಂದ ತೆಗೆದ ಎರಡು ಎಎ ಸೆಲ್‌ಗಳನ್ನು ಒಂದರ ಹಿಂದೆ ಒಂದಾಗಿ ಇರಿಸಿ, ಕೆಟ್ಟ ಆಟಿಕೆಯಿಂದ ಬಿಡಿಸಿಕೊಂಡ ಬಿಳಿ ಎಲ್‌ಇಡಿಯನ್ನು ಮುಂಭಾಗದಲ್ಲಿ ಕೂರಿಸಿದೆವು. ತಂತಿಯ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಪಟ್ಟಿಯಾಗಿ ಮಡಚಿ ಬಳಸಿದೆವು. ಅದೇ ಹಾಳೆಯನ್ನು ಕಾಗದದ ಲೋಟದ ಒಳಮೈಗೆ ಅಂಟಿಸಿ ಪ್ರತಿಫಲಕ ಮಾಡಿಕೊಂಡೆವು. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪೇ ಸ್ವಿಚ್ ಆಯಿತು. ದೀಪವೇನೋ ಹೊತ್ತಿಕೊಂಡಿತು. ಆದರೆ ಬೆಳಕು ಎರಡು ಹೆಜ್ಜೆ ದೂರಕ್ಕೂ ಸರಿಯಾಗಿ ಬೀಳುವುದಿಲ್ಲ, ಕೈಯಲ್ಲಿ ಹಿಡಿದು ನಡೆದರೆ ಮಿಣುಕುತ್ತದೆ, ಒಮ್ಮೊಮ್ಮೆ ಪೂರ್ತಿ ಆರಿಹೋಗುತ್ತದೆ. ಎಲ್‌ಇಡಿಯನ್ನೇ ಬದಲಿಸಬೇಕೇ, ಇನ್ನೊಂದು ಸೆಲ್ ಸೇರಿಸಬೇಕೇ, ಅಥವಾ ಪ್ರತಿಫಲಕವನ್ನು ದೊಡ್ಡದು ಮಾಡಬೇಕೇ? ನನ್ನಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇದೆ.

ಮೊದಲನೆಯ ಉತ್ತರ

ಎಲ್‌ಇಡಿಯ ಮೇಲೆ ಅನುಮಾನಪಡುವ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ. ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಅವನ್ನು ಒಂದೆಂದು ತಿಳಿದು ಹುಡುಕಿದರೆ ದಾರಿ ತಪ್ಪುತ್ತದೆ.

ಮಂಕು ಬೆಳಕಿಗೆ ಕಾರಣ ವೋಲ್ಟೇಜಿನ ಕೊರತೆ. ಬಿಳಿ ಎಲ್‌ಇಡಿ ಚೆನ್ನಾಗಿ ಬೆಳಗಲು ಸುಮಾರು 3ರಿಂದ 3.4 ವೋಲ್ಟ್ ಬೇಕು. ಹೊಸ ಎಎ ಸೆಲ್ ಒಂದಕ್ಕೆ 1.5 ವೋಲ್ಟ್‌ನಂತೆ ಎರಡಕ್ಕೆ 3 ವೋಲ್ಟ್ ಆಗುತ್ತದೆ. ಅಂದರೆ ಹೊಸ ಸೆಲ್ ಹಾಕಿದರೂ ಅದು ಹೊಸ್ತಿಲ ಮೇಲೆಯೇ ನಿಂತಿರುತ್ತದೆ. ಗಡಿಯಾರದಿಂದ ತೆಗೆದ ಸೆಲ್‌ಗಳು ಈಗಾಗಲೇ ಸವೆದಿರುವುದರಿಂದ ಹೊಸ್ತಿಲ ಹೊರಗೇ ಉಳಿದಿರಬಹುದು. ಹಳೆಯ ಟಾರ್ಚ್‌ಗಳ ತಂತುದೀಪವಾಗಿದ್ದರೆ ವೋಲ್ಟೇಜ್ ಇಳಿದಂತೆ ಕೆಂಪಗಾಗಿಯಾದರೂ ಉರಿಯುತ್ತಿತ್ತು; ಎಲ್‌ಇಡಿಯಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಕರೆಂಟ್ ತೀವ್ರವಾಗಿ ಕುಸಿಯುತ್ತದೆ.

ಮಿಣುಕುವುದಕ್ಕೆ ಕಾರಣ ಸಡಿಲವಾದ ಜೋಡಣೆ. ಎಎ ಸೆಲ್‌ನ ದಪ್ಪ 14 ಮಿಲಿಮೀಟರ್ ಚಿಲ್ಲರೆ. ಟಿಶ್ಯೂ ಕೊಳವೆಯ ಒಳಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಜಾಗವಿರುತ್ತದೆ. ಅಷ್ಟು ಜಾಗದಲ್ಲಿ ಸೆಲ್‌ಗಳು ಓರೆಯಾಗದೆ ಇರಲಾರವು. ಎರಡು ಸೆಲ್‌ಗಳನ್ನೂ ಸೇರಿಸಿ ಹಳೆಯ ಪತ್ರಿಕೆಯನ್ನು ಬಿಗಿಯಾಗಿ ಸುತ್ತಿ, ಹಿಂಬದಿಗೆ ಒಂದು ತುಂಡು ಸ್ಪಂಜನ್ನು ಒತ್ತಿಟ್ಟು ಮುಚ್ಚಿರಿ. ಅಲ್ಯೂಮಿನಿಯಂ ಹಾಳೆಯನ್ನು ತಂತಿಯಾಗಿ ಬಳಸುವುದನ್ನೂ ಬಿಡುವುದು ಒಳ್ಳೆಯದು. ಅದರ ಮೈಮೇಲೆ ಗಾಳಿಯ ಸಂಪರ್ಕದಿಂದ ಆಕ್ಸೈಡ್‌ನ ತೆಳುಪದರ ಸದಾ ಕಟ್ಟಿಕೊಂಡಿರುತ್ತದೆ. ಆ ಪದರಕ್ಕೆ ವಿದ್ಯುತ್ ಹರಿಯುವುದಿಲ್ಲ, ಮೇಲಾಗಿ ಸಾಮಾನ್ಯ ಬೆಸುಗೆಯೂ ಹಿಡಿಯುವುದಿಲ್ಲ. ಕೆಟ್ಟ ಚಾರ್ಜರಿನ ಕೇಬಲ್ ಸೀಳಿದರೆ ತಾಮ್ರದ ತಂತಿ ಸಿಗುತ್ತದೆ. ಹಳೆಯ ಮೋಟಾರಿನಿಂದ ಬಿಚ್ಚಿದ ತಂತಿಯಾದರೆ ಮೇಲಿನ ಅರಗಿನಂತಹ ಲೇಪವನ್ನು ತುದಿಗಳಲ್ಲಿ ಕೆರೆದು ತೆಗೆಯಬೇಕು. ಹೊಳೆಯುತ್ತದೆಯೆಂದು ಹಾಗೆಯೇ ಸುತ್ತಿ, ಅರ್ಧ ದಿನ ತಲೆ ಕೆಡಿಸಿಕೊಂಡವನು ನಾನು.

ಟಾರ್ಚ್ ಉರಿಯುತ್ತಿರುವಾಗಲೇ ಸೆಲ್‌ಗಳ ಎರಡು ತುದಿಗಳ ನಡುವೆ ಒಮ್ಮೆ, ಎಲ್‌ಇಡಿಯ ಎರಡು ಕಾಲುಗಳ ನಡುವೆ ಇನ್ನೊಮ್ಮೆ ಅಳೆದು ತಿಳಿಸಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸವೆಲ್ಲ ಜೋಡಣೆಗಳಲ್ಲಿ ಪೋಲಾಗುತ್ತಿರುವ ವೋಲ್ಟೇಜ್.

ಎರಡನೆಯ ಉತ್ತರ

ಇಷ್ಟೆಲ್ಲ ಅಳೆಯುವ ಅಗತ್ಯವಿಲ್ಲ ಎಂದು ನನಗೆ ಅನಿಸುತ್ತದೆ. ಮೂರನೆಯ ಸೆಲ್ ಸೇರಿಸಿರಿ, ಸಾಕು. ಕೀಲಿಗೊಂಚಲಿನಲ್ಲಿ ನೇತುಹಾಕುವ ಪುಟ್ಟ ಟಾರ್ಚ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಅವುಗಳಲ್ಲಿ ಎಲ್‌ಇಡಿ ನೇರವಾಗಿ ಸೆಲ್‌ಗೆ ಅಂಟಿಕೊಂಡಿರುತ್ತದೆ, ನಡುವೆ ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗವಾದ ರೆಸಿಸ್ಟರ್ ಇರುವುದಿಲ್ಲ.

ಮೂರನೆಯ ಉತ್ತರ

ಮೂರನೆಯ ಸೆಲ್ ಸೇರಿಸುವುದು ಸರಿ, ನೇರವಾಗಿ ಸೇರಿಸುವುದು ಸರಿಯಲ್ಲ. ಕೀಲಿಗೊಂಚಲಿನ ಟಾರ್ಚ್‌ನಲ್ಲಿರುವುದು ಗುಂಡಿಯಾಕಾರದ ಸೆಲ್. ಅದರ ಒಳಗಿನ ಪ್ರತಿರೋಧವೇ ಕರೆಂಟಿಗೆ ಕಡಿವಾಣ ಹಾಕುವುದರಿಂದ ಹೊರಗೆ ಬೇರೆ ರೆಸಿಸ್ಟರ್ ಇಡದಿದ್ದರೂ ನಡೆಯುತ್ತದೆ. ಎಎ ಸೆಲ್‌ಗೆ ಅಂತಹ ಕಡಿವಾಣವಿಲ್ಲ; ಮೂರು ಹೊಸ ಸೆಲ್‌ಗಳನ್ನು ನೇರವಾಗಿ ಕೊಟ್ಟರೆ 5 ಮಿಲಿಮೀಟರ್‌ನ ಎಲ್‌ಇಡಿ ಬೇಗನೆ ಸುಟ್ಟುಹೋಗುವ ಸಂಭವವೇ ಹೆಚ್ಚು. ಅಂದಹಾಗೆ, ಮಗು ಜೊತೆಗಿರುವ ಕೆಲಸದಲ್ಲಿ ಗುಂಡಿ ಸೆಲ್ ಬಳಸಲೇಬೇಡಿರಿ. ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲದು.

ಲೆಕ್ಕ ಸುಲಭ. ಮೂರು ಸೆಲ್‌ಗಳ 4.5 ವೋಲ್ಟ್‌ನಲ್ಲಿ ಎಲ್‌ಇಡಿಗೆ ಸಲ್ಲುವ 3.2 ವೋಲ್ಟ್ ಕಳೆದರೆ 1.3 ವೋಲ್ಟ್ ಉಳಿಯುತ್ತದೆ. ಇಂತಹ ಎಲ್‌ಇಡಿಗೆ ಸಾಮಾನ್ಯವಾಗಿ ನಿಗದಿಯಾದ ಕರೆಂಟ್ 20 ಮಿಲಿ ಆಂಪಿಯರ್, ಅಂದರೆ 0.02 ಆಂಪಿಯರ್. 1.3ನ್ನು 0.02ರಿಂದ ಭಾಗಿಸಿದರೆ 65 ಓಮ್ ಬರುತ್ತದೆ; ಅದಕ್ಕೆ ಹತ್ತಿರದಲ್ಲಿ ದೊರೆಯುವುದು 68 ಓಮ್. ಕೆಟ್ಟ ರೇಡಿಯೋದ ಬೋರ್ಡಿನಲ್ಲಿ ನೀಲಿ, ಬೂದು, ಕಪ್ಪು ಪಟ್ಟೆಗಳು ಇದೇ ಕ್ರಮದಲ್ಲಿರುವ ರೆಸಿಸ್ಟರನ್ನು ಹುಡುಕಿರಿ. ಸಿಗದಿದ್ದರೆ ಕಂದು, ಕಪ್ಪು, ಕಂದು ಪಟ್ಟೆಯ 100 ಓಮ್ ಹಾಕಿದರೂ 13 ಮಿಲಿ ಆಂಪಿಯರ್ ಹರಿಯುತ್ತದೆ. ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು, ಸೆಲ್ ಮಾತ್ರ ಹೆಚ್ಚು ದಿನ ಬರುತ್ತದೆ.

ಮೂರೂ ಸೆಲ್‌ಗಳು ಒಂದೇ ಬಗೆಯವೂ ಒಂದೇ ವಯಸ್ಸಿನವೂ ಆಗಿರಲಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ದುರ್ಬಲವಾದದ್ದು ಮೊದಲೇ ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಸಿಕ್ಕಿ ಸೋರಲಾರಂಭಿಸುತ್ತದೆ. ಹಳೆಯ ಫೋನ್ ಅಥವಾ ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಯನ್ನು ಬಿಚ್ಚುವ ಆಲೋಚನೆಯಿದ್ದರೆ ಅದನ್ನು ಕೈಬಿಡಿರಿ. ಅದು ಬೆಂಕಿ ಹತ್ತಿಕೊಳ್ಳಬಲ್ಲ ವಸ್ತು.

ನಾಲ್ಕನೆಯ ಉತ್ತರ

ಪ್ರತಿಫಲಕದ ವಿಷಯವನ್ನು ಯಾರೂ ಎತ್ತಲಿಲ್ಲ. ತಂತುದೀಪ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಅದನ್ನು ಒಟ್ಟುಗೂಡಿಸಿ ಮುಂದಕ್ಕೆ ಕಳುಹಿಸಲು ಅದರ ಹಿಂದೆ ಬಟ್ಟಲು ಬೇಕು. ಆಟಿಕೆಗಳಲ್ಲಿರುವ ಗುಮ್ಮಟದಾಕಾರದ ಎಲ್‌ಇಡಿಯ ತಲೆಯೇ ಮಸೂರ; ಬೆಳಕು ಆಗಲೇ ಮುಂದಕ್ಕೆ ತಿರುಗಿರುತ್ತದೆ. ಹೀಗಾಗಿ ಲೋಟಕ್ಕೆ ಅಂಟಿಸಿದ ಹಾಳೆಯ ಪಾಲಿಗೆ ಹೆಚ್ಚಿನ ಕೆಲಸ ಉಳಿದಿರುವುದಿಲ್ಲ, ಅದನ್ನು ದೊಡ್ಡದು ಮಾಡಿ ಪ್ರಯೋಜನವೂ ಇಲ್ಲ. ಅಷ್ಟೇ ಅಲ್ಲ, ಆ ಹಾಳೆ ಎಲ್‌ಇಡಿಯ ಎರಡೂ ಕಾಲುಗಳಿಗೆ ಏಕಕಾಲದಲ್ಲಿ ತಾಗಿದರೆ ಶಾರ್ಟ್ ಆಗಿ ದೀಪ ಆರುತ್ತದೆ, ಸೆಲ್ ಬಿಸಿಯಾಗುತ್ತದೆ. ನಡೆಯುವಾಗ ಪೂರ್ತಿ ಆರುವುದಕ್ಕೆ ಇದೂ ಕಾರಣವಿರಬಹುದು. ಕಾಲುಗಳಿಗೆ ಟೇಪ್ ಸುತ್ತಿ ನೋಡಿರಿ.

ಪ್ರಶ್ನೆ ಕೇಳಿದವರ ಮರುನುಡಿ

ಅಳೆದು ನೋಡಿದೆ. ಸೆಲ್‌ಗಳ ತುದಿಯಲ್ಲಿ 2.7 ವೋಲ್ಟ್ ಇತ್ತು; ಎಲ್‌ಇಡಿಯ ಕಾಲುಗಳಲ್ಲಿ 2.6 ಇದ್ದದ್ದು ಕೊಳವೆಯನ್ನು ಅಲುಗಿಸಿದಾಗ ಸೊನ್ನೆಗೆ ಬೀಳುತ್ತಿತ್ತು. ಈಗ ಮೂರು ಹೊಸ ಸೆಲ್, ಚಾರ್ಜರಿನ ತಂತಿ ಮತ್ತು 100 ಓಮ್ ರೆಸಿಸ್ಟರ್ ಹಾಕಿದ್ದೇವೆ. ಮೊದಲು ಉರಿಯಲೇ ಇಲ್ಲ. ಎಲ್‌ಇಡಿಯನ್ನು ತಿರುಗಾಮುರುಗಾ ಜೋಡಿಸಿದ್ದೆ. ಧನ ತುದಿಗೆ ಸೇರಬೇಕಾದ ಉದ್ದನೆಯ ಕಾಲನ್ನು ಕಿತ್ತುವಾಗಲೇ ಮೋಟು ಮಾಡಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಅಂಚು ಚಪ್ಪಟೆಯಾಗಿರುವ ಕಡೆ ಋಣ ತುದಿಯೆಂದು ಮಗಳು ಎಲ್ಲಿಯೋ ಓದಿಕೊಂಡು ಬಂದು ತಿರುಗಿಸಿದಳು. ಬೆಳಕು ಈಗ ಕೋಣೆಯ ಎದುರು ಗೋಡೆಯನ್ನು ಮುಟ್ಟುತ್ತದೆ, ಅಲುಗಿಸಿದರೂ ಆರುವುದಿಲ್ಲ. ಕಾಗದದ ಲೋಟವನ್ನು ತೆಗೆದುಹಾಕಲು ಅವಳು ಒಪ್ಪುತ್ತಿಲ್ಲ, ಆದ್ದರಿಂದ ಟೇಪ್ ಸುತ್ತಿ ಉಳಿಸಿಕೊಂಡಿದ್ದೇವೆ.