ಅಪ್‌ಡೇಟ್: ನ್ಯುಂಗ್ವೆ ಕಾಡಿಗೆ ಹೋಗಿ ಬಂದೆ

ರುವಾಂಡಾದ ನ್ಯುಂಗ್ವೆ ರಾಷ್ಟ್ರೀಯ ಉದ್ಯಾನಕ್ಕೆ ಬರೀ ಹಕ್ಕಿ ನೋಡೋಕೆ ಅಂತ ಹೋಗಬಹುದಾ, ಮಳೆಕಾಡಿನಲ್ಲಿ ಏನಾದರೂ ಕಾಣುತ್ತಾ ಅಂತ ಮೊದಲು ಇಲ್ಲಿ ಕೇಳಿದ್ದೆ, ಕೆಲವರು ಸಲಹೆ ಕೊಟ್ಟಿದ್ದಿರಿ. ಹೋಗಿ ಬಂದೆ. ಕಾಣುತ್ತೆ, ಆದರೆ ಕುತ್ತಿಗೆ ನೋವು ಗ್ಯಾರಂಟಿ!

ಹಕ್ಕಿಗಳೆಲ್ಲ ಮರದ ತುದಿಯಲ್ಲಿ. ಮೊದಲು ಕೂಗು ಕೇಳುತ್ತೆ, ಆಮೇಲೆ ಹುಡುಕಾಟ. ಅದಕ್ಕೇ ಕಿವಿ ಚುರುಕಾಗಿರುವ ಸ್ಥಳೀಯ ಗೈಡ್ ಬೇಕೇ ಬೇಕು. ನನಗೆ ಜಾಸ್ತಿ ಇಷ್ಟವಾಗಿದ್ದು ರ್‍ವೆಂಜೋರಿ ಟುರಾಕೊ ಅನ್ನೋ ಹಕ್ಕಿ. ಕೂತಾಗ ಹಸಿರು, ರೆಕ್ಕೆ ಬಿಚ್ಚಿದರೆ ಕಡುಗೆಂಪು. ಆ ಕೆಂಪು ಬಣ್ಣದಲ್ಲಿ ತಾಮ್ರ ಇದೆಯಂತೆ, ನಿಜವಾದ ತಾಮ್ರ! ಆಫ್ರಿಕಾದ ಆಲ್ಬರ್ಟೈನ್ ಬಿರುಕು ಕಣಿವೆಯ (ಭೂಮಿ ಬಿರುಕು ಬಿಟ್ಟು ಆದ ಉದ್ದದ ಕಣಿವೆ) ಬೆಟ್ಟಗಳಲ್ಲಿ ಬಿಟ್ಟರೆ ಈ ಹಕ್ಕಿ ಬೇರೆಲ್ಲೂ ಇಲ್ಲ.

ನೀವು ಹೇಳಿದ, ಉದ್ಯಾನದೊಳಗಿನ ಉವಿಂಕಾ ಅನ್ನೋ ಜಾಗದ ತೂಗುಸೇತುವೆಗೂ ಹೋದೆ. ಮರಗಳ ತಲೆಯ ಮಟ್ಟದಲ್ಲಿ ನಡೆಯೋದು ಮಜಾ. ಆದರೆ ಅಲ್ಲಿ ಗುಂಪು ಜಾಸ್ತಿ, ಮಾತು ಜಾಸ್ತಿ. ಹಕ್ಕಿಗಾಗಿ ಹೋಗೋರು ಕಾಡಿನ ಮಧ್ಯೆ ಹಾದುಹೋಗುವ ಟಾರು ರಸ್ತೆಯ ಬದಿಯಲ್ಲೇ ಬೆಳಿಗ್ಗೆ ನಿಲ್ಲಲಿ, ಮರ ಅಡ್ಡ ಬರದೆ ಚೆನ್ನಾಗಿ ಕಾಣುತ್ತೆ. ಕಪ್ಪು ಬಿಳುಪಿನ ಕೊಲಬಸ್ ಕೋತಿಗಳೂ ಸಿಕ್ಕವು. ಇಲ್ಲಿ ಅವು ನೂರಾರು ಸಂಖ್ಯೆಯ ಹಿಂಡಿನಲ್ಲಿ ಓಡಾಡುತ್ತವೆ. ಚಿಂಪಾಂಜಿಗಳದ್ದು ಮಾತ್ರ ಬರೀ ಕಿರುಚಾಟ ಕೇಳಿಸಿತು.

ಹೋಗೋರಿಗೆ: ಕಾಡು ಇರೋದು 1600 ಮೀಟರ್‌ಗಿಂತ ಮೇಲೆ, ಸ್ವೆಟರ್ ಬೇಕು. ಸೈನಿಕ ಇರುವೆ ಹತ್ತದಂತೆ ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ, 2008ರಿಂದಲೇ ಆ ದೇಶದಲ್ಲಿ ನಿಷೇಧ. ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು ಅಂದವರಿಗೆ ಥ್ಯಾಂಕ್ಸ್, ಮಂಜಿನಲ್ಲೂ ಚೆನ್ನಾಗಿ ಕೆಲಸ ಮಾಡಿತು.